ಹಗುರ ಸ್ಕೀ, ಹದ ತಪ್ಪಿದ ಹಿಮ

ನಾನು ಕೊಂಡ ಮೊದಲ ಜೋಡಿ ಟೂರಿಂಗ್ ಸ್ಕೀಗಳು ಒಂದೊಂದೂ 1,080 ಗ್ರಾಂ ತೂಗುತ್ತಿದ್ದವು. ಮನೆಯ ಅಡುಗೆಕೋಣೆಯ ತಕ್ಕಡಿಯ ಮೇಲೆ ಅಷ್ಟು ಉದ್ದದ ವಸ್ತು ನಿಲ್ಲದ ಕಾರಣ ಅವನ್ನು ಪಿಂಪ್ರಿಯ ನಮ್ಮ ಕಾರ್ಖಾನೆಗೆ ಒಯ್ದು, ಬಿಡಿಭಾಗಗಳನ್ನು ತೂಗುವ ಯಂತ್ರದ ಮೇಲಿಟ್ಟು ನೋಡಿ ಹಿಗ್ಗಿದ್ದೆ. ಧಾರವಾಡದಿಂದ ಬಂದಿದ್ದ ಅವ್ವ ಮಾತ್ರ ಅವುಗಳನ್ನು ಎತ್ತಿ ನೋಡಿ, "ಇಷ್ಟ ರೊಕ್ಕಾ ಕೊಟ್ಟು ಎರಡ ಕಟ್ಟಿಗಿ ಹಲಗಿ ತಂದೀಯೇನಪಾ?" ಎಂದು ಕೇಳಿದ್ದಳು. ಆ ಹಲಗೆಗಳನ್ನು ಎರಡೇ ಚಳಿಗಾಲ ಬಳಸಿ ಮಾರಿದೆ. ಈಗ ನನ್ನ ಬಳಿ ಇರುವವು ಒಂದೊಂದೂ 1,450 ಗ್ರಾಂ ತೂಗುತ್ತವೆ. ತೂಕ ಹೆಚ್ಚಿದ್ದನ್ನು ಹಣ ಕೊಟ್ಟು ಕೊಂಡದ್ದೇಕೆ ಎಂದು ಪುಣೆಯ ಚಾರಣದ ಗೆಳೆಯರು ಮತ್ತೆ ಮತ್ತೆ ಕೇಳುವುದರಿಂದ, ಉತ್ತರವನ್ನು ಒಮ್ಮೆ ಸಾವಕಾಶವಾಗಿ ಬರೆದಿಡುತ್ತಿದ್ದೇನೆ.

ಟೂರಿಂಗ್ ಸ್ಕೀಯಿಂಗ್‌ನಲ್ಲಿ ಇಳಿಯುವಷ್ಟೇ ಏರುವುದೂ ಇರುತ್ತದೆ. ಸ್ಕೀಯ ತಳಕ್ಕೆ ಸ್ಕಿನ್ ಎಂಬ ರೋಮದ ಪಟ್ಟಿಯನ್ನು ಅಂಟಿಸಿ, ಬೂಟಿನ ಹಿಮ್ಮಡಿಯನ್ನು ಸಡಿಲವಾಗಿ ಬಿಟ್ಟು, ಸ್ಕೀಯನ್ನು ಹಿಮದ ಮೇಲೆ ಜಾರಿಸುತ್ತ ಬೆಟ್ಟ ಹತ್ತುತ್ತೇವೆ. ರೋಮ ಮುಂದಕ್ಕೆ ಜಾರಲು ಬಿಡುತ್ತದೆ, ಹಿಂದಕ್ಕೆ ಜಾರದಂತೆ ಹಿಡಿಯುತ್ತದೆ. ಮೇಲೆ ತಲುಪಿದ ಮೇಲೆ ಸ್ಕಿನ್ ಕಿತ್ತು, ಹಿಮ್ಮಡಿಯನ್ನು ಬಿಗಿದು ಇಳಿಯುತ್ತೇವೆ. ದಿನದ ಹೆಚ್ಚಿನ ಹೊತ್ತು ಏರುವುದರಲ್ಲೇ ಕಳೆಯುವುದರಿಂದ ಹಗುರ ಸಾಮಾನಿನ ಆಸೆ ಸಹಜವಾದದ್ದೇ. ಕಾಶ್ಮೀರದ ಗುಲ್ಮಾರ್ಗ್‌ನ ಗೊಂಡೋಲಾ, ಅಂದರೆ ಬೆಟ್ಟಕ್ಕೆ ಒಯ್ಯುವ ಕೇಬಲ್ ಕಾರು, ಎರಡನೇ ಹಂತದಲ್ಲಿ ಸುಮಾರು 3,950 ಮೀಟರ್ ಎತ್ತರಕ್ಕೆ ಒಯ್ಯುತ್ತದೆಯಾದರೂ, ಗಾಳಿ ಜೋರಾದ ದಿನ ಆ ಹಂತ ಮುಚ್ಚಿರುತ್ತದೆ. ಆಗ ಮೊದಲ ಹಂತ ಮುಗಿಯುವ, ಸುಮಾರು 3,100 ಮೀಟರ್ ಎತ್ತರದ ಕೊಂಗ್ಡೂರಿಯಿಂದ ಮುಂದಕ್ಕೆ ಕಾಲೇ ಗತಿ. ಸಮುದ್ರಮಟ್ಟದಿಂದ ಬರೀ 560 ಮೀಟರ್ ಮೇಲಿರುವ ಪುಣೆಯಿಂದ ಹೋದವನಿಗೆ ಅಲ್ಲಿ ಒಂದೊಂದು ಗ್ರಾಮೂ ಲೆಕ್ಕಕ್ಕೆ ಬರುತ್ತದೆ.

ನನ್ನನ್ನು ದಾರಿ ತಪ್ಪಿಸಿದ್ದು ಮಾತ್ರ ಈ ದಣಿವಲ್ಲ, ನನ್ನ ವೃತ್ತಿ. ನಾನು ವಾಹನಗಳ ಸಸ್ಪೆನ್ಷನ್ ಪರೀಕ್ಷಿಸುವ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ಸ್ಪ್ರಿಂಗಿನ ಕೆಳಗಿರುವ ಚಕ್ರ, ಬ್ರೇಕು ಮುಂತಾದವುಗಳ ತೂಕ ಕಡಿಮೆಯಾದಷ್ಟೂ ಚಕ್ರವು ರಸ್ತೆಯ ಏರುತಗ್ಗುಗಳನ್ನು ನಿಷ್ಠೆಯಿಂದ ಹಿಂಬಾಲಿಸುತ್ತದೆ ಎಂಬುದು ನಮ್ಮಲ್ಲಿ ಮೊದಲ ಪಾಠ. ಸ್ಕೀಗೂ ಅದೇ ತರ್ಕ ಹೊಂದುತ್ತದೆ ಎಂದು ನಾನು ಯೋಚಿಸದೆಯೇ ಒಪ್ಪಿಕೊಂಡಿದ್ದೆ. ಆದರೆ ಹದ ತಪ್ಪಿದ ಹಿಮದಲ್ಲಿ ಸ್ಕೀ ಪ್ರತಿಯೊಂದು ಉಬ್ಬನ್ನೂ ಹಿಂಬಾಲಿಸುವುದು ನಮಗೆ ಬೇಕಿಲ್ಲ. ಉಬ್ಬನ್ನು ಸೀಳಿಕೊಂಡು ನೇರ ಹೋಗುವುದು ಬೇಕು. ಗಡ್ಡೆಗಟ್ಟಿದ ಹಿಮಕ್ಕೆ ತುದಿ ತಾಗಿದಾಗ ಒಂದೇ ಅಳತೆಯ ಪೆಟ್ಟು ಹಗುರ ಸ್ಕೀಯನ್ನು ಹೆಚ್ಚು ಪಕ್ಕಕ್ಕೆ ತಳ್ಳುತ್ತದೆ, ಭಾರದ ಸ್ಕೀಯನ್ನು ಕಡಿಮೆ. ಇದಕ್ಕೆ ಇಂಜಿನಿಯರಿಂಗ್ ಪದವಿಯೇನೂ ಬೇಕಿರಲಿಲ್ಲ.

ಗುಲ್ಮಾರ್ಗ್‌ನ ಗೊಂಡೋಲಾ ಏರುವ ಅಫರ್ವಟ್ ಬೆಟ್ಟದ ಒಂದೇ ಇಳಿಜಾರಿನಲ್ಲಿ ಎಷ್ಟು ಬಗೆಯ ಹಿಮ ಸಿಗುತ್ತದೆ ಎಂಬುದನ್ನು ಇಲ್ಲಿ ಸ್ವಲ್ಪ ವಿವರಿಸಬೇಕು. ಪಶ್ಚಿಮದಿಂದ ಬರುವ ಚಳಿಗಾಲದ ಮಾರುತಗಳು ಎರಡು ಮೂರು ದಿನ ಹಿಮ ಸುರಿಸಿ ಹೋದ ಮೇಲೆ, ಏಣಿನ ಮೇಲಿನ ಹಿಮವನ್ನು ಗಾಳಿ ಒತ್ತಿ ಒತ್ತಿ ಹಲಗೆಯಂತೆ ಗಟ್ಟಿ ಮಾಡಿರುತ್ತದೆ. ಅದರ ಕೆಳಗಿನ ನೆರಳಿನ ಕೊರಕಲುಗಳಲ್ಲಿ ವಾರ ಕಳೆದರೂ ಅಕ್ಕಿಹಿಟ್ಟಿನಂಥ ಪುಡಿ ಹಿಮ ಉಳಿದಿರುತ್ತದೆ. ಅಲ್ಲಿಂದ ಬಿಸಿಲಿನ ಮಗ್ಗುಲಿಗೆ ಹೊರಳಿದರೆ ಮೇಲೆ ಖಡಕ್ ರೊಟ್ಟಿಯಂಥ ಹಕ್ಕಳೆ, ಕೆಳಗೆ ಮೆತ್ತನೆಯ ಹಿಮ. ಹಕ್ಕಳೆ ಭಾರ ತಡೆಯುತ್ತದೆ ಎಂದು ನಂಬಿ ತಿರುವು ತೆಗೆದುಕೊಳ್ಳುವಷ್ಟರಲ್ಲಿ ಮುರಿದು ಸ್ಕೀಯನ್ನು ನುಂಗಿರುತ್ತದೆ. ಕೊನೆಗೆ ಬಾಬಾರೇಶಿ ಅಥವಾ ತಂಗ್ಮಾರ್ಗ್ ಕಡೆಯ ಕಾಡಿಗೆ ಇಳಿದಾಗ ನೆನೆದ ಅವಲಕ್ಕಿಯಂಥ ಒದ್ದೆ ಹಿಮ ಕಾಲಿಗೆ ಸುತ್ತಿಕೊಳ್ಳುತ್ತದೆ.

ಯುರೋಪಿನ ಸ್ಕೀ ವಿಮರ್ಶೆಗಳನ್ನು ಓದಿ ಕೊಳ್ಳುವವರು ಒಂದು ಸರಳ ಲೆಕ್ಕವನ್ನು ಮರೆಯುತ್ತಾರೆ. ಗುಲ್ಮಾರ್ಗ್ ಇರುವುದು ಸುಮಾರು 34 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಆಲ್ಪ್ಸ್ ಪರ್ವತಗಳು ಸುಮಾರು 46 ಡಿಗ್ರಿಯಲ್ಲಿ. ಫೆಬ್ರವರಿ ಮಧ್ಯದ ಮಧ್ಯಾಹ್ನ ಇಲ್ಲಿ ಸೂರ್ಯ ಕ್ಷಿತಿಜದಿಂದ ಸುಮಾರು 43 ಡಿಗ್ರಿ ಮೇಲಿದ್ದರೆ, ಅಲ್ಲಿ ಸುಮಾರು 31 ಡಿಗ್ರಿಯಷ್ಟೇ ಮೇಲಿರುತ್ತಾನೆ. ದಕ್ಷಿಣದ ಮುಖಗಳಲ್ಲಿ ಬಿಸಿಲು ಬೇಗ ಕೆಲಸ ಮಾಡುತ್ತದೆ, ರಾತ್ರಿಯ ಚಳಿ ಅದನ್ನು ಹಕ್ಕಳೆಗಟ್ಟಿಸುತ್ತದೆ. ಆದ್ದರಿಂದ ನಮಗೆ ಬೇಕಾದದ್ದು ಪುಡಿ ಹಿಮದಲ್ಲಿ ಮಿಂಚುವ ಸ್ಕೀಯೂ ಅಲ್ಲ, ಪಂದ್ಯದ ಸ್ಕೀಯೂ ಅಲ್ಲ. ಯಾವ ಹಿಮದಲ್ಲೂ ನಮ್ಮನ್ನು ಗಾಬರಿಗೊಳಿಸದ ಸ್ಕೀ.

ನನ್ನ 1,080 ಗ್ರಾಮಿನ ಸ್ಕೀಗಳು ಅದನ್ನೇ ಮಾಡಲಿಲ್ಲ. ನಡುವಿನ ಅಗಲ 84 ಮಿಲಿಮೀಟರ್, ಒಳಗೆ ಹಗುರ ಮರ, ಸುತ್ತ ಕಾರ್ಬನ್ ಎಳೆ. ಗಟ್ಟಿ ಹಿಮದ ಮೇಲೆ ಅವುಗಳ ಕಂಪನ ಬೂಟಿನ ಮೂಲಕ ಮೊಣಕಾಲಿಗೇರುತ್ತಿತ್ತು, ಹಕ್ಕಳೆಯಲ್ಲಿ ಎಡ ಸ್ಕೀ ಒಂದು ಕಡೆ, ಬಲ ಸ್ಕೀ ಇನ್ನೊಂದು ಕಡೆ. ಕಾರ್ಬನ್ ಬಿಗುವನ್ನು ಕೊಡುತ್ತದೆ, ಆದರೆ ಕಂಪನವನ್ನು ಹೀರಿಕೊಳ್ಳುವ ಗುಣ ಅದರಲ್ಲಿ ಕಡಿಮೆ. ತೂಕವೂ ಇಲ್ಲದೆ, ಹೀರುವ ಗುಣವೂ ಇಲ್ಲದೆ ಬರೀ ಬಿಗುವೊಂದೇ ಉಳಿದರೆ ಅದು ಶಾಕ್ ಅಬ್ಸಾರ್ಬರ್ ಕಿತ್ತ ಗಾಡಿಯಂತೆ.

ಸ್ಕೀಯ ಒಡಲೊಳಗಿನ ಮರದ ಬಗ್ಗೆ ಅಂಗಡಿಯವರು ಸಾಮಾನ್ಯವಾಗಿ ಹೇಳುವುದಿಲ್ಲ, ಕೇಳಬೇಕು. ಹಗುರ ಸ್ಕೀಗಳಲ್ಲಿ ಹೆಚ್ಚಾಗಿ ಇರುವ ಪೌಲೋನಿಯಾ ಮರ ಘನ ಮೀಟರಿಗೆ ಸುಮಾರು 280 ಕಿಲೋ ತೂಗುತ್ತದೆ. ಪೋಪ್ಲರ್ ಅದಕ್ಕಿಂತ ಭಾರ. ಆ್ಯಶ್ ಹೆಚ್ಚುಕಡಿಮೆ ನಮ್ಮ ದಾಂಡೇಲಿಯ ಸಾಗವಾನಿಯಷ್ಟೇ ಭಾರ. ಬರೀ ಪೌಲೋನಿಯಾ ಇರುವುದಕ್ಕಿಂತ, ಬೂಟನ್ನು ಸ್ಕೀಗೆ ಹಿಡಿದಿಡುವ ಬೈಂಡಿಂಗಿನ ಸ್ಕ್ರೂ ಕಚ್ಚುವ ಜಾಗದಲ್ಲಾದರೂ ಗಟ್ಟಿ ಮರ ಸೇರಿಸಿದ ಸ್ಕೀ ನನಗೆ ಹೆಚ್ಚು ನಂಬಿಕೆ ಹುಟ್ಟಿಸುತ್ತದೆ. ಕೆಲವು ಸ್ಕೀಗಳ ಒಳಗೆ ಹಾಕುವ ಟೈಟನಾಲ್ ಎಂಬ ಲೋಹದ ಪದರವನ್ನು ಟೈಟಾನಿಯಂ ಎಂದು ಭಾವಿಸಿ ಮರುಳಾಗುವವರಿದ್ದಾರೆ. ಅದು ಅಲ್ಯೂಮಿನಿಯಂ ಮಿಶ್ರಲೋಹ. ತೆಳ್ಳನೆಯ ಒಂದು ಪದರವಿದ್ದರೆ ಸ್ಕೀ ಗಟ್ಟಿ ಹಿಮದಲ್ಲಿ ಶಾಂತವಾಗುತ್ತದೆ, ತೂಕ ಏರುತ್ತದೆ. ನಾನು ಕಾರ್ಬನ್ ಜತೆಗೆ ಫೈಬರ್‌ಗ್ಲಾಸನ್ನೂ ಬಳಸಿದ, ಲೋಹವಿಲ್ಲದ ಸ್ಕೀಯನ್ನು ಆರಿಸಿದೆ.

ತೂಕದ ಲೆಕ್ಕವನ್ನೂ ಒಮ್ಮೆ ಕೂತು ಮಾಡಿದೆ. ಉದಾಹರಣೆಗೆ, ಒಂದೊಂದು ಸ್ಕೀ 200 ಗ್ರಾಮಿನಂತೆ ಎರಡೂ ಸೇರಿ 400 ಗ್ರಾಂ ಹೆಚ್ಚಾದರೆ, ಅದನ್ನು 1,000 ಮೀಟರ್ ಎತ್ತರಕ್ಕೆ ಒಯ್ಯಲು ಬೇಕಾದ ಶಕ್ತಿ ಸುಮಾರು ಒಂದು ಕಿಲೊಕ್ಯಾಲೊರಿ. ಸ್ನಾಯುಗಳು ಉಂಡದ್ದರಲ್ಲಿ ಕಾಲುಭಾಗವನ್ನಷ್ಟೇ ಕೆಲಸಕ್ಕೆ ಹಚ್ಚುತ್ತವೆ ಎಂದು ಹಿಡಿದರೂ ನಾಲ್ಕು, ಅಂದರೆ ಒಂದು ಶೇಂಗಾ ಕಾಳು! ವಾದ ಇಷ್ಟಕ್ಕೇ ಮುಗಿಯುವುದಿಲ್ಲ ಎಂಬುದು ನನಗೆ ಗೊತ್ತು. ಹೆಜ್ಜೆ ಹೆಜ್ಜೆಗೂ ಕಾಲನ್ನು ಮುಂದಕ್ಕೆ ಬೀಸಿ ನಿಲ್ಲಿಸಬೇಕಾದ್ದರಿಂದ ಪಾದದ ಮೇಲಿನ ತೂಕ ಬೆನ್ನಿನ ಮೇಲಿನ ತೂಕಕ್ಕಿಂತ ಹಲವು ಪಟ್ಟು ದಣಿಸುತ್ತದೆ. ಇದನ್ನು ಪುಣೆ ಬಳಿಯ ಸಿಂಹಗಡ ಕೋಟೆಯಲ್ಲಿ ನಾನೇ ಪರೀಕ್ಷಿಸಿದ್ದೇನೆ: ಒಂದು ರವಿವಾರ ಬೆಟ್ಟದ ಬುಡದ ಅತ್ಕರ್‌ವಾಡಿಯಿಂದ ಬೆನ್ನಚೀಲದಲ್ಲಿ ಮೂರು ಕಿಲೋ ಹೊತ್ತು ಹತ್ತಿದೆ, ಮರು ರವಿವಾರ ಅದೇ ಮೂರು ಕಿಲೋವನ್ನು ಎರಡು ಪಾಲು ಮಾಡಿ ಕಣಕಾಲಿಗೆ ಕಟ್ಟಿಕೊಂಡು ಹತ್ತಿದೆ. ಎರಡನೇ ವಾರ ತೊಡೆಯ ಸಂದು ಹಿಡಿದುಕೊಂಡು, ಮೇಲಿನ ಪಿಠಲಾ ಭಾಕರಿಯ ರುಚಿಯೂ ತಿಳಿಯಲಿಲ್ಲ. ಆದರೆ ಸ್ಕೀಯನ್ನು ನಾವು ಎತ್ತಿ ಇಡುವುದಿಲ್ಲ, ಜಾರಿಸುತ್ತೇವೆ. ಎತ್ತಿ ಎತ್ತಿ ನಡೆಯುವ ಅಭ್ಯಾಸ ಬಿಟ್ಟರೆ ಉಳಿಯುವ ಶ್ರಮ, 200 ಗ್ರಾಂ ಕಡಿಮೆಯ ಸ್ಕೀ ಕೊಂಡು ಉಳಿಸುವುದಕ್ಕಿಂತ ಹೆಚ್ಚು ಎಂಬುದು ನನ್ನ ಅನುಭವ.

ಹಾಗಾದರೆ ತೂಕ ಇಳಿಸುವುದೆಲ್ಲಿ? ಬೈಂಡಿಂಗಿನಲ್ಲಿ. ಬೈಂಡಿಂಗ್ ಹಗುರವಾದರೆ ಸ್ಕೀಯ ತುದಿ ಹಕ್ಕಳೆಯನ್ನು ಸೀಳುವ ಬಗೆಗೆ ಹೆಚ್ಚಿನ ತೊಂದರೆಯಿಲ್ಲ, ಏಕೆಂದರೆ ಅದರ ತೂಕ ಪಾದದ ಕೆಳಗೇ ಇರುತ್ತದೆ. ಹಳೆಯ ಚೌಕಟ್ಟಿನ ಬೈಂಡಿಂಗುಗಳಲ್ಲಿ ಹಲವು ಒಂದೊಂದೂ ಒಂದು ಕಿಲೋ ಮೀರುತ್ತಿದ್ದವು, ಜತೆಗೆ ಪ್ರತಿ ಹೆಜ್ಜೆಗೂ ಇಡೀ ಚೌಕಟ್ಟನ್ನು ಹಿಮ್ಮಡಿಯೊಂದಿಗೆ ಎತ್ತಬೇಕಿತ್ತು. ಆಸ್ಟ್ರಿಯಾದ ಫ್ರಿಟ್ಸ್ ಬಾರ್ಥೆಲ್ 1980ರ ದಶಕದಲ್ಲಿ ಬೂಟಿನ ತುದಿಯನ್ನು ಎರಡು ಮೊಳೆಗಳ ನಡುವೆ ಹಿಡಿಯುವ ಪಿನ್ ಬೈಂಡಿಂಗನ್ನು ರೂಪಿಸಿದರು. ಡೈನಾಫಿಟ್ ಕಂಪನಿ ಅದನ್ನು ಮಾರುಕಟ್ಟೆಗೆ ತಂದಿತು. ಇದರಲ್ಲಿ ಹಿಮ್ಮಡಿಯ ಭಾಗ ಸ್ಕೀಯ ಮೇಲೇ ಉಳಿದು ಬೂಟು ಮಾತ್ರ ಏಳುತ್ತದೆ. ನನ್ನದು ಒಂದೊಂದು 350 ಗ್ರಾಂ. ಬೀಳುವಾಗ ಕಾಲನ್ನು ಬಿಡಿಸುವ ಒತ್ತಡವನ್ನು ಮುಂದಕ್ಕೂ ಪಕ್ಕಕ್ಕೂ ಬೇರೆ ಬೇರೆಯಾಗಿ ಹೊಂದಿಸಬಹುದು. ಅದಕ್ಕೂ ಹಗುರವಾದವು ಇವೆ, ಆದರೆ ಹೊಂದಿಸಲು ಬಾರದ ಬೈಂಡಿಂಗನ್ನು ನನ್ನ ಮೊಣಕಾಲಿಗೆ ಒಪ್ಪಿಸಲಾರೆ.

ಆಕಾರದ ವಿಷಯದಲ್ಲಿ ನನ್ನ ಅಭಿಪ್ರಾಯ ಸಾಕಷ್ಟು ಗಟ್ಟಿಯಾಗಿದೆ. ನಡುವಿನ ಅಗಲ 90ರಿಂದ 98 ಮಿಲಿಮೀಟರ್ ಇರಲಿ. ಅದಕ್ಕಿಂತ ಅಗಲವಾದರೆ ಪುಡಿ ಹಿಮದಲ್ಲಿ ತೇಲುವ ಸುಖವಿದೆ, ಆದರೆ ಗಟ್ಟಿ ಹಿಮದ ಓರೆಯಲ್ಲಿ ಅಡ್ಡಕ್ಕೆ ಏರುವಾಗ ಅಂಚು ಪಾದದಿಂದ ದೂರವಾಗಿ ಕಣಕಾಲು ತಿರುಚುತ್ತದೆ, ಸ್ಕಿನ್ನೂ ಭಾರವಾಗುತ್ತದೆ. ಮುಂದಿನ ತುದಿ ನಿಧಾನವಾಗಿ ಮೇಲಕ್ಕೆ ಬಾಗಿರಬೇಕು, ಪಾದದ ಕೆಳಗೆ ಕಮಾನು ಉಳಿದಿರಬೇಕು. ತುದಿಯ ಬಾಗು ಹಕ್ಕಳೆಯ ಮೇಲೇರಲು, ಕಮಾನು ಗಟ್ಟಿ ಹಿಮವನ್ನು ಹಿಡಿಯಲು. ಬದಿಯ ವಕ್ರತೆಯ ತ್ರಿಜ್ಯ 18 ಮೀಟರಿಗಿಂತ ಕಡಿಮೆಯಾದರೆ, ಸ್ಕೀ ಮುರಿದ ಹಕ್ಕಳೆಯಲ್ಲಿ ತನ್ನದೇ ತಿರುವನ್ನು ಹಿಡಿದು ನಮ್ಮ ಮಾತು ಕೇಳುವುದಿಲ್ಲ. 170 ಸೆಂಟಿಮೀಟರ್ ಎತ್ತರದ ನಾನು 172 ಸೆಂಟಿಮೀಟರ್ ಉದ್ದದ್ದನ್ನು ಬಳಸುತ್ತೇನೆ. ಇನ್ನೂ ಉದ್ದದ್ದು ಇಳಿಯುವಾಗ ಸ್ಥಿರ, ಕಡಿದಾದಲ್ಲಿ ಒಂದೇ ಕಾಲ ಮೇಲೆ ನಿಂತು ದಿಕ್ಕು ಬದಲಿಸುವಾಗ ಶಿಕ್ಷೆ.

ಮೊದಲ ಜೋಡಿಗೆ ಬೈಂಡಿಂಗ್ ಕೂರಿಸಿದ ಒಂದು ಅಂಗಡಿಯವರು ಎಡಗಡೆಯ ತೂತನ್ನು ಮೂರು ಮಿಲಿಮೀಟರ್ ಹಿಂದಕ್ಕೆ ಕೊರೆದಿದ್ದರು. ಎರಡನೇ ಜೋಡಿಗೆ ಕಾಗದದ ಮಾದರಿ ಅಂಟಿಸಿ, ಕ್ಯಾಲಿಪರ್ ಹಿಡಿದು, ಆಳ ಮೀರದಂತೆ ಡ್ರಿಲ್ ಬಿಟ್ಟಿಗೆ ಟೇಪು ಸುತ್ತಿ ನಾನೇ ಕೊರೆದೆ. ಲೋಹದ ಪದರವಿಲ್ಲದ ಸ್ಕೀಗೆ ಸುಮಾರು 3.6 ಮಿಲಿಮೀಟರಿನ ಬಿಟ್ಟು, ಲೋಹವಿದ್ದರೆ 4.1; ಇದನ್ನು ಅದಲುಬದಲು ಮಾಡಿದರೆ ಸ್ಕ್ರೂ ಒಂದೋ ಸಡಿಲ, ಇಲ್ಲವೇ ಪದರ ಉಬ್ಬುತ್ತದೆ.

ವಿಮಾನದ 15 ಕಿಲೋ ಮಿತಿ ಇನ್ನೊಂದು ಪರೀಕ್ಷೆ. ಸ್ಕೀ ಮತ್ತು ಬೈಂಡಿಂಗ್ ಸೇರಿ 3.6 ಕಿಲೋ, ಬೂಟುಗಳು 2.8, ಸ್ಕಿನ್ ಒಂದು ಕಿಲೋದ ಒಳಗೆ, ಉದ್ದ ಚೀಲವೇ ಎರಡೂವರೆ. ಬೂಟನ್ನು ಕೈಚೀಲಕ್ಕೆ ಹಾಕಿಕೊಂಡರೆ ಬಟ್ಟೆಬರೆಗೆ ಧಾರಾಳ ಜಾಗ ಉಳಿಯುತ್ತದೆ. ಉಳಿದ ಜಾಗದಲ್ಲಿ ಮೊದಲು ಹೋಗುವವು ಹಿಮದಡಿ ಸಿಲುಕಿದವರನ್ನು ಪತ್ತೆಹಚ್ಚಲು ರೇಡಿಯೊ ಸಂಕೇತ ಕಳಿಸುವ ಟ್ರಾನ್ಸ್‌ಸೀವರ್, ಸಲಿಕೆ ಮತ್ತು ಶೋಧನಾ ಕೋಲು. ಗೊಂಡೋಲಾದ ಆಸುಪಾಸಿನಲ್ಲೂ ಹಿಮಕುಸಿತ ಆಗುವ ಬೆಟ್ಟವದು. 457 ಕಿಲೋಹರ್ಟ್ಸ್‌ನಲ್ಲಿ ಮಿಡಿಯುವ ಆ ಪೆಟ್ಟಿಗೆಯ ತೂಕವನ್ನು ಉಳಿತಾಯದ ಪಟ್ಟಿಗೆ ಸೇರಿಸುವವರ ಜತೆ ನಾನು ಬೆಟ್ಟ ಹತ್ತುವುದಿಲ್ಲ.

ಮಾರ್ಚ್ ಕೊನೆಗೆ ಮರಳಿದ ಮೇಲೆ ಪುಣೆಯ ಬೇಸಿಗೆ ಸ್ಕಿನ್ನಿನ ಅಂಟನ್ನು ಕರಗಿಸುತ್ತದೆ. ಆದ್ದರಿಂದ ನನ್ನವು ಜಾಲಿಬಟ್ಟೆಗೆ ಅಂಟಿಕೊಂಡು, ಎರಡು ಪದರ ಚೀಲದೊಳಗೆ, ಫ್ರಿಜ್ಜಿನ ತರಕಾರಿ ಪೆಟ್ಟಿಗೆಯಲ್ಲಿ ಮಲಗುತ್ತವೆ. ಅವುಗಳ ಮೇಲೆ ಮೆಂತ್ಯದ ಕಟ್ಟು ಇಡಬಾರದು ಎಂಬ ಒಪ್ಪಂದ ಮನೆಯಲ್ಲಿ ಇದೆ. ಮಳೆಗಾಲದ ತೇವಕ್ಕೆ ಉಕ್ಕಿನ ಅಂಚು ಒಂದೇ ತಿಂಗಳಲ್ಲಿ ತುಕ್ಕು ಹಿಡಿಯುವುದರಿಂದ, ಮೇ ತಿಂಗಳ ಕೊನೆಯ ರವಿವಾರ ಹಳೆಯ ಇಸ್ತ್ರಿಪೆಟ್ಟಿಗೆಯಿಂದ ಮೇಣ ಕರಗಿಸಿ, ತಳದ ಜತೆಗೆ ಅಂಚುಗಳೂ ಮುಚ್ಚುವಂತೆ ದಪ್ಪನಾಗಿ ಹಚ್ಚಿ, ಕೆರೆಯದೆ ಹಾಗೆಯೇ ಮಂಚದ ಕೆಳಗೆ ಸರಿಸುತ್ತೇನೆ. ಕೆರೆಯುವುದು ಡಿಸೆಂಬರಿನಲ್ಲಿ.