ಪೋಕರಿನಲ್ಲಿ ಆಲ್-ಇನ್‌ಗೆ ಕಾಲ್ ಮಾಡೋದು ಯಾವಾಗ: ನನ್ನ ನೋಟ್‌ಬುಕ್ಕಿನ ಒಂಬತ್ತನೇ ತಿಂಗಳ ಟಿಪ್ಪಣಿ

ಕಲಬುರಗಿಯ ನಮ್ಮ ಮನೆ ಮಾಳಗಿ ಮೇಲೆ ತಿಂಗಳಿಗೊಂದು ಭಾನುವಾರ ಹತ್ತು ಜನ ಪೋಕರ್ ಟೂರ್ನಮೆಂಟ್ ಆಡುತ್ತೇವೆ. ದುಡ್ಡಿನ ಮಾತಿಲ್ಲ. ಆಳಂದ ಕಡೆ ಹೊಲ ಇರುವ ಗೆಳೆಯ 10 ಕೆಜಿ ತೊಗರಿಬೇಳೆ ತರುತ್ತಾನೆ. ಮೊದಲನೆಯವರಿಗೆ 5, ಎರಡನೆಯವರಿಗೆ 3, ಮೂರನೆಯವರಿಗೆ 2. ನಾಲ್ಕನೆಯವರಿಗೆ ಏನೂ ಇಲ್ಲ.

ಹೋದ ತಿಂಗಳ ಒಂದು ಕೈ ಇನ್ನೂ ತಲೆಯಲ್ಲಿದೆ. ನಾಲ್ಕು ಜನ ಉಳಿದಿದ್ದೆವು, ಎಲ್ಲರ ಹತ್ತಿರ 5000 ಚಿಪ್ಸ್. ಬ್ಲೈಂಡ್, ಅಂದರೆ ಎಲೆ ನೋಡುವ ಮೊದಲೇ ಇಬ್ಬರು ಹಾಕಲೇಬೇಕಾದ ಚಿಪ್ಸ್, 250 (ಸ್ಮಾಲ್), 500 (ಬಿಗ್). ಸ್ಮಾಲ್ ಬ್ಲೈಂಡಿನಲ್ಲಿದ್ದ ನಮ್ಮ ಕಾಕಾನ ಮಗ ಎಲ್ಲ ಚಿಪ್ಸ್ ಮುಂದೆ ದೂಡಿದ, ಅಂದರೆ ಆಲ್-ಇನ್. ಬಿಗ್ ಬ್ಲೈಂಡಿನಲ್ಲಿ ನಾನು, ಕೈಯಲ್ಲಿ ಎಕ್ಕ, ರಾಣಿ.

"ಲಗೂ ಹೇಳೋ ತಮ್ಮಾ, ಚಾ ಆರ್ಲಕತ್ತದ" ಅಂದ.

ಕಾಲ್ ಮಾಡಿದೆ, ಅಂದರೆ ನಾನೂ ಅಷ್ಟೇ ಚಿಪ್ಸ್ ಹಾಕಿದೆ. ಅವನದು ಜೋಡಿ 9. ನನಗೆ ಏನೂ ಕೂಡಲಿಲ್ಲ, ನಾಲ್ಕನೆಯವನಾಗಿ ಎದ್ದೆ.

ಆವತ್ತಿನ ನನ್ನ ಲೆಕ್ಕ ಇಷ್ಟೇ: ಇನ್ನು 4500 ಹಾಕಿದರೆ ಸಿಗೋದು 10000, ನೂರಕ್ಕೆ 45 ಸಲ ಗೆದ್ದರೆ ಸಾಕು. ಚಿಪ್ಸ್ ಲೆಕ್ಕಕ್ಕೆ ಅದು ಸರಿ. ಆದರೆ ಮನೆಗೆ ಒಯ್ಯೋದು ಬೇಳೆ ಅಲ್ವಾ?

ಅದಕ್ಕೆ ಈ ತಿಂಗಳು ಐಸಿಎಂ (ಇಂಡಿಪೆಂಡೆಂಟ್ ಚಿಪ್ ಮಾಡೆಲ್) ಹಿಡಿದು ಕೂತೆ. ಚಿಪ್ಸನ್ನು ಬಹುಮಾನದ ಪಾಲಾಗಿ ಬದಲಿಸುವ ಲೆಕ್ಕ ಅದು. ನಾಲ್ವರೂ ಸಮ ಇದ್ದಾಗ ಒಬ್ಬೊಬ್ಬರ ಪಾಲು 2.5 ಕೆಜಿ. ಗೆದ್ದು ಚಿಪ್ಸ್ ಎರಡು ಪಟ್ಟಾದರೆ ಪಾಲು 5 ಕೆಜಿ ಆಗಬೇಕಲ್ಲ? ಆಗಲ್ಲ. ಒಟ್ಟು 20000 ಚಿಪ್ಸಿನಲ್ಲಿ ಅರ್ಧ ನನ್ನದಾದ್ದರಿಂದ ಮೊದಲ ಸ್ಥಾನಕ್ಕೆ ಎರಡರಲ್ಲೊಂದು ಅವಕಾಶ, ಎರಡನೆಯದಕ್ಕೆ ಮೂರರಲ್ಲೊಂದು, ಮೂರನೆಯದಕ್ಕೆ ಆರರಲ್ಲೊಂದು. ಬೇಳೆಯಲ್ಲಿ 2.5, 1, 0.33. ಕೂಡಿಸಿದರೆ 3.83 ಕೆಜಿ ಮಾತ್ರ. ಉಳಿದ 1.17 ಕೆಜಿ ಸುಮ್ನೆ ಕೂತು ನೋಡುತ್ತಿದ್ದ ಇನ್ನಿಬ್ಬರ ಚೀಲಕ್ಕೆ ಹೋಗುತ್ತದೆ! ಮೂರು ಸಲ ಕೂಡಿಸಿ ನೋಡಿದ ಮೇಲೆಯೇ ನಂಬಿದೆ.

ಫೋಲ್ಡ್ ಮಾಡಿದ್ದರೆ, ಅಂದರೆ ಎಲೆ ಕೆಳಗಿಟ್ಟು ಆ ಕೈ ಬಿಟ್ಟಿದ್ದರೆ, ಬ್ಲೈಂಡಿನ 500 ಹೋಗಿ ಉಳಿದ 4500 ಚಿಪ್ಸಿಗೆ 2.33 ಕೆಜಿ ಪಾಲು ಇರುತ್ತಿತ್ತು. ಅದನ್ನು 3.83ರಿಂದ ಭಾಗಿಸಿದೆ. ನೂರಕ್ಕೆ 61 ಸಲ ಗೆಲ್ಲಬೇಕು, 45 ಅಲ್ಲ.

ಯಾವ ಎಲೆ ಬಂದರೂ ದೂಡುವವನ ಎದುರು ಎಕ್ಕ-ರಾಣಿ ನೂರಕ್ಕೆ ಸುಮಾರು 64 ಸಲ ಗೆಲ್ಲುತ್ತದೆ, ಕಾಲ್ ಮಾಡಬಹುದು. ನಮ್ಮ ಕಾಕಾನ ಮಗ ಅಂಥವನಲ್ಲ. ಜೋಡಿಯೋ ದೊಡ್ಡ ಎಲೆ ಜೊತೆಗಿನ ಎಕ್ಕವೋ ಇಲ್ಲದೆ ದೂಡಿದ್ದು ನೋಟ್‌ಬುಕ್ಕಿನಲ್ಲಿ ಒಂದೂ ಇಲ್ಲ. ಅಂಥವನ ಎದುರು ಅದೇ ಎಲೆ ಅರ್ಧದ ಆಸುಪಾಸಿಗೆ ಇಳಿಯುತ್ತದೆ.

ಈ ಭಾನುವಾರ ಮತ್ತೆ ನಾಲ್ವರು, ಮತ್ತೆ ಅವನೇ ದೂಡಿದ. ನನ್ನ ಕೈಯಲ್ಲಿ ಎಕ್ಕ, ಗುಲಾಮ. ಕೈ ಕಡಿಯುತ್ತಿತ್ತು, ಆದರೂ ಫೋಲ್ಡ್ ಮಾಡಿದೆ. ಸ್ವಲ್ಪ ಹೊತ್ತಿಗೆ ಬೇರೆ ಇಬ್ಬರು ಕಾದಾಡಿ ಒಬ್ಬ ಎದ್ದ. ನಾನು ಎರಡನೆಯವನಾದೆ.

ಒಬ್ಬನ ಹತ್ತಿರ 800 ಚಿಪ್ಸ್ ಮಾತ್ರ ಉಳಿದಿದ್ದರೆ ಈ 61 ಇನ್ನೂ ಏರುತ್ತದೆ. ಎಷ್ಟಕ್ಕೆ ಅಂತ ಮುಂದಿನ ತಿಂಗಳು ಬಿಡಿಸಬೇಕು. ಅದಕ್ಕೆ ಎರಡು ಪುಟ ಖಾಲಿ ಬಿಟ್ಟಿದ್ದೇನೆ.