ಅನಿಮೋನ್ ಎರಡಾದರೆ ಖುಷಿಪಡಬೇಕಾ, ಗಾಬರಿಯಾಗಬೇಕಾ?

ಅನಿಮೋನ್ ಅಂದರೆ ಹೂವಿನಂತೆ ಕಾಣುವ, ಕಲ್ಲಿಗೆ ಅಂಟಿ ಬದುಕುವ ಕಡಲ ಪ್ರಾಣಿ. ಮನೆಯಲ್ಲಿ ರೀಫ್ ಟ್ಯಾಂಕ್ (ಹವಳ, ಕಡಲ ಜೀವಿಗಳನ್ನು ಸಾಕುವ ಉಪ್ಪುನೀರಿನ ತೊಟ್ಟಿ) ಇಟ್ಟವರು ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆ ಇದು: "ನಿನ್ನೆ ಒಂದೇ ಇದ್ದ ಅನಿಮೋನ್ ಇವತ್ತು ಎರಡಾಗಿದೆ. ಇದು ಒಳ್ಳೆಯದಾ, ಕೆಟ್ಟದ್ದಾ?" ಅದರ ಬೆನ್ನಿಗೇ ಇನ್ನೊಂದು ಬರುತ್ತದೆ: "ತಾನಾಗಿ ಆಗದಿದ್ದರೆ ನಾವೇ ಕತ್ತರಿಸಬಹುದಾ?"

ಮನೆಯ ಟ್ಯಾಂಕ್‌ನಲ್ಲಿ ಹೀಗೆ ತಾನಾಗಿ ಎರಡಾಗಿ ಸೀಳುವುದು ಹೆಚ್ಚಾಗಿ ಬಬಲ್ ಟಿಪ್ ಅನ್ನುವ ಜಾತಿಯ ಅನಿಮೋನ್. ಇದಕ್ಕೆ ಇದು ಹುಟ್ಟುಗುಣ. ಕಡಲಿನಲ್ಲೂ ಆಳವಿಲ್ಲದ ಕಡೆ ಹೀಗೇ ಸೀಳಿಕೊಂಡು ಗುಂಪುಗುಂಪಾಗಿ ಬಂಡೆ ಹಿಡಿದಿರುತ್ತದೆ. ಆಳಕ್ಕೆ ಹೋದರೆ ಸಾಮಾನ್ಯವಾಗಿ ಒಂಟಿಯಾಗಿ, ದೊಡ್ಡದಾಗಿ ಬೆಳೆಯುತ್ತದೆ. ಕಾರ್ಪೆಟ್ ಅನಿಮೋನ್ ಅನ್ನುವ ಬೇರೆ ಬಗೆಯನ್ನು ಇಟ್ಟವರು ಇದನ್ನು ನೋಡಿ ಆಸೆಪಡಬೇಡಿ. ಅದು ಸೀಳುವುದು ತೀರಾ ಅಪರೂಪ.

ಬಬಲ್ ಟಿಪ್ ಚೆನ್ನಾಗಿ ತಿಂದು ದೊಡ್ಡದಾದಾಗಲೂ ಸೀಳುತ್ತದೆ. ನೀರಿನ ಬಿಸಿ ಏರಿದಾಗ, ಉಪ್ಪು ಏರುಪೇರಾದಾಗ, ಬೆಳಕು ದಿಢೀರ್ ಬದಲಾದಾಗಲೂ ಸೀಳುತ್ತದೆ. ಹಾಗಾಗಿ ಎಷ್ಟಾಯಿತು ಅಂತ ಎಣಿಸುವುದು ಬಿಟ್ಟು ಬಾಯಿ ನೋಡಿ. ಕೆಲವು ದಿನಗಳಲ್ಲಿ ಬಾಯಿ ಬಿಗಿಯಾಗಿ ಮುಚ್ಚಿ, ಪಾದ ಕಲ್ಲಿಗೆ ಅಂಟಿ, ಟೆಂಟಕಲ್‌ಗಳು (ಬಾಯಿಯ ಸುತ್ತಲಿನ ಬೆರಳಿನಂಥ ಎಳೆಗಳು) ಉಬ್ಬಿದರೆ ಚಿಂತೆಯಿಲ್ಲ. ಬಾಯಿ ತೆರೆದೇ ಇದ್ದು, ಮೈ ಜೋತುಬಿದ್ದು, ಕಲ್ಲು ಬಿಟ್ಟು ತೇಲಾಡುತ್ತಿದ್ದರೆ ತಕ್ಷಣ ನೀರು ಪರೀಕ್ಷಿಸಿ. ಕರಗಲು ಶುರುವಾದದ್ದನ್ನು ಕೂಡಲೇ ತೆಗೆದುಬಿಡಿ, ಇಲ್ಲದಿದ್ದರೆ ಅದು ಕೊಳೆತು ಉಳಿದವನ್ನೂ ಕೊಲ್ಲುತ್ತದೆ.

ಬಣ್ಣವನ್ನೂ ಗಮನಿಸಿ. ಅನಿಮೋನ್‌ನ ಮೈಯೊಳಗೆ ಸಣ್ಣ ಪಾಚಿಗಳಿರುತ್ತವೆ. ಅವು ಬೆಳಕಿನಿಂದ ಮಾಡುವ ಆಹಾರವೇ ಅದರ ಹೊಟ್ಟೆಯ ಬಹುಪಾಲು ತುಂಬಿಸುತ್ತದೆ. ಹಾಲಿನಂತೆ ಬೆಳ್ಳಗಿರುವುದನ್ನು ಚೆಂದ ಅಂತ ತರುವವರಿದ್ದಾರೆ. ಅದು ಪಾಚಿ ಕಳೆದುಕೊಂಡು ಹಸಿದಿರುವ ಜೀವ. ಅಂಥದ್ದು ಸೀಳಿತೆಂದರೆ ಮೊದಲೇ ಕಮ್ಮಿಯಿದ್ದ ಶಕ್ತಿ ಇನ್ನೂ ಹಂಚಿಹೋಯಿತು ಅಂತಲೇ ಅರ್ಥ.

ಇನ್ನು ಕತ್ತರಿಸುವ ಮಾತು. ಆಗುತ್ತದೆ. ಹರಿತವಾದ ಬ್ಲೇಡಿನಿಂದ ಬಾಯಿಯ ನಡುವಿನಿಂದ ಪಾದದವರೆಗೆ ಒಂದೇ ಸಲ ಸೀಳಬೇಕು. ಎರಡೂ ತುಂಡಿಗೆ ಬಾಯಿಯ ಪಾಲು, ಪಾದದ ಪಾಲು ಎರಡೂ ಸಿಗಬೇಕು. ಗಾಯ ಮಾಯುವವರೆಗೆ ಆಹಾರ ಬೇಡ, ನೀರು ಮಾತ್ರ ಚೆನ್ನಾಗಿ ಓಡಾಡಬೇಕು. ತಾನಾಗಿ ಸೀಳುವ ಜಾತಿಗೆ, ಅದೂ ಗಟ್ಟಿಮುಟ್ಟಾದದ್ದಕ್ಕೆ ಮಾತ್ರ ಇದು. ಆದರೂ ಮನೆಯಲ್ಲಿ ಒಂದೇ ಟ್ಯಾಂಕ್ ಇರುವವರಿಗೆ ನಾನು ಬೇಡ ಅಂತಲೇ ಹೇಳುತ್ತೇನೆ. ಸುಮ್ನೆ ಅವಸರ ಯಾಕೆ? ವಾರಕ್ಕೊಮ್ಮೆ ಸಣ್ಣ ಸೀಗಡಿ ಚೂರು ಕೊಡಿ. ದೊಡ್ಡ ತುಂಡು ಕೊಟ್ಟರೆ ಹೊರಗೆ ಉಗುಳುತ್ತದೆ. ಉಷ್ಣತೆ 25-26 ಡಿಗ್ರಿ ಸೆಲ್ಸಿಯಸ್, ಉಪ್ಪು ಲೀಟರಿಗೆ ಸುಮಾರು 35 ಗ್ರಾಂ. ಈ ಅಂಕಿಗಳಿಗಿಂತ ಅವು ದಿನದಿಂದ ದಿನಕ್ಕೆ ಅಲುಗಾಡದಿರುವುದು ಮುಖ್ಯ. ನೀರು ಆವಿಯಾದರೂ ಉಪ್ಪು ಅಲ್ಲೇ ಉಳಿಯುತ್ತದೆ ಅಲ್ವಾ? ಹಾಗಾಗಿ ಕಮ್ಮಿಯಾದಷ್ಟು ಸಿಹಿನೀರನ್ನು ದಿನವೂ ತುಂಬುತ್ತಿರಿ.

ಅನಿಮೋನ್‌ಗೆ ವಯಸ್ಸಾಯಿತು, ಬೇಗ ಮರಿ ಪಡೆಯಬೇಕು ಅನ್ನುವವರಿಗೆ ಒಂದು ಮಾತು. ಸ್ಕಾಟ್ಲೆಂಡಿನ ಜೀವಿಶಾಸ್ತ್ರಜ್ಞ ಜಾನ್ ಡಾಲಿಯೆಲ್ 1828ರಲ್ಲಿ ತಂದಿಟ್ಟ ಒಂದು ಅನಿಮೋನ್, ಆತ ತೀರಿಕೊಂಡ ಮೇಲೂ ಬದುಕಿ 1887ರಲ್ಲಿ ಸತ್ತಿತು. ಅದು ಬೇರೆ ಜಾತಿ ನಿಜ, ಆದರೆ ಕಾಯಲು ನಮಗೆ ಸಮಯವಂತೂ ಇದೆ.

ಸೀಳಿದ ಮೇಲೆ ಒಂದು ಪಾಲು ನಡೆಯಲು ಶುರುಮಾಡುವುದು ಜಾಸ್ತಿ. ದಾರಿಯಲ್ಲಿ ಸಿಕ್ಕ ಹವಳವನ್ನೆಲ್ಲ ಕುಟುಕುತ್ತದೆ. ಪಂಪಿನ ಬಾಯಿಗೆ ಸಿಕ್ಕರೆ ಚೂರುಚೂರಾಗುತ್ತದೆ, ಅದಕ್ಕೇ ಅಲ್ಲಿ ಸ್ಪಂಜು ಅಥವಾ ಜಾಲರಿ ಕಡ್ಡಾಯ. ಯಾರಿಗಾದರೂ ಕೊಡುವುದಿದ್ದರೆ ಪಾದವನ್ನು ಕೆರೆದು ಎಬ್ಬಿಸಬೇಡಿ, ಹರಿದರೆ ಉಳಿಯುವುದು ಕಷ್ಟ. ಪಕ್ಕದಲ್ಲಿ ಪುಟ್ಟ ಕಲ್ಲುಗಳನ್ನಿಟ್ಟು ಕಾಯಿರಿ. ಒಂದನ್ನು ಹತ್ತಿದರೆ ಕಲ್ಲಿನ ಸಮೇತ ಎತ್ತಿಕೊಡಬಹುದು. ಹತ್ತದಿದ್ದರೆ ಪಂಪಿನ ಹರಿವನ್ನು ಅದರ ಕಡೆ ತಿರುಗಿಸಿ, ಎಷ್ಟೋ ಸಲ ತಾನೇ ಬೇಸತ್ತು ಜಾಗ ಬಿಡುತ್ತದೆ.