ಕೆಂಟಕಿ, ಟೆನೆಸಿ ವಿಸ್ಕಿ ದಾರಿಯಲ್ಲಿ ನಾಲ್ಕು ದಿನ: ಹೊರಡುವ ಮುಂಚೆ ಕಾನೂನು ನೋಡ್ಕೊಳ್ಳಿ

ತೀರ್ಥಹಳ್ಳಿಯಿಂದ ಬಂದಿದ್ದ ಭಾವ ಲೋಟವನ್ನು ಬೆಳಕಿಗೆ ಹಿಡಿದು ನೋಡಿದರು. ತಳದಲ್ಲಿ ಒಂದೆರಡು ಚಮಚದಷ್ಟು ಬರ್ಬನ್, ಅಂದರೆ ಮೆಕ್ಕೆಜೋಳದಿಂದ ಮಾಡುವ ಅಮೆರಿಕದ ವಿಸ್ಕಿ. "ಇಷ್ಟೇನಾ? ಇದಕ್ಕೆ ಇಷ್ಟು ದೂರ ಬಂದ್ವಾ ಮಾರಾಯ?"

ತಪ್ಪು ಸುರಿಯುವವರದ್ದಲ್ಲ. ಅಮೆರಿಕದ ಕೆಂಟಕಿ ರಾಜ್ಯದಲ್ಲಿ ಒಂದು ಡಿಸ್ಟಿಲರಿ (ವಿಸ್ಕಿ ಭಟ್ಟಿ ಇಳಿಸುವ ಕಾರ್ಖಾನೆ) ಒಬ್ಬ ಪ್ರವಾಸಿಗೆ ದಿನಕ್ಕೆ ಒಟ್ಟು 1.75 ಔನ್ಸ್ ಮಾತ್ರ ರುಚಿಗೆ ಕೊಡಬಹುದು. ಅಂದರೆ ಸುಮಾರು 52 ಎಂಎಲ್. ನಮ್ಮೂರ ಲಾರ್ಜ್ ಪೆಗ್‌ಗಿಂತ ಕಡಿಮೆ. ಅದನ್ನೇ ನಾಲ್ಕೈದು ಪುಟ್ಟ ಲೋಟಗಳಿಗೆ ಹಂಚುತ್ತಾರೆ. 2016ರಲ್ಲಿ ಕಾನೂನು ಸಡಿಲವಾದ ಮೇಲೆ ಲೈಸೆನ್ಸ್ ಇರುವ ಡಿಸ್ಟಿಲರಿಗಳು ಕಾಕ್‌ಟೇಲ್ ಕೂಡ ಮಾರುತ್ತವೆ. ಅದು ಬೇರೆ ಲೆಕ್ಕ, ಬೇರೆ ದುಡ್ಡು.

ಯಾಕೆ ಇಷ್ಟು ಬಿಗಿ ಅಂದರೆ, 1933ರಲ್ಲಿ ಅಮೆರಿಕದ ಪಾನನಿಷೇಧ ಮುಗಿದಾಗ ಮದ್ಯದ ಲಗಾಮು ರಾಜ್ಯಗಳ ಕೈಗೆ ಬಂತು. ತಯಾರಿಸುವವನು ಸಗಟು ವ್ಯಾಪಾರಿಗೆ ಕೊಡಬೇಕು, ಅವನು ಅಂಗಡಿಗೆ ಕೊಡಬೇಕು, ಅಂಗಡಿಯವನು ನಮಗೆ. ಹೆಚ್ಚಿನ ಕಡೆ ಇದೇ ವ್ಯವಸ್ಥೆ. ಡಿಸ್ಟಿಲರಿಯೇ ನೇರವಾಗಿ ನಮಗೆ ಬಾಟಲಿ ಮಾರಬೇಕಾದರೆ ಆ ರಾಜ್ಯ ಅದಕ್ಕೆ ಅಂತಲೇ ವಿನಾಯಿತಿ ಕೊಟ್ಟಿರಬೇಕು. ಹಾಗಾಗಿ ಗಡಿ ದಾಟಿದರೆ ನಿಯಮವೂ ಬದಲು.

ನಾವು ಅಕ್ಟೋಬರ್‌ನಲ್ಲಿ ಒಹಾಯೋದ ಕೊಲಂಬಸ್‌ನಿಂದ ಕಾರಿನಲ್ಲಿ ಹೊರಟೆವು. ಕೆಂಟಕಿಯ ಲೂಯಿವಿಲ್‌ಗೆ ಮೂರು ಗಂಟೆ ಚಿಲ್ಲರೆ. ಅಲ್ಲಿಂದ ಬಾರ್ಡ್ಸ್‌ಟೌನ್ ಸುಮಾರು 40 ಮೈಲಿ. ದಿನಕ್ಕೆ ಎರಡು ಡಿಸ್ಟಿಲರಿ ಸಾಕು. ಮೂರನೆಯದರಲ್ಲಿ ನಾಲಿಗೆಗೆ ಎಲ್ಲವೂ ಒಂದೇ ಥರ. ಟೂರ್ ಮೊದಲೇ ಬುಕ್ ಮಾಡಿ. ಪಾಸ್‌ಪೋರ್ಟ್ ಜೇಬಿನಲ್ಲಿರಲಿ. ವಯಸ್ಸು 21 ಆಗಿರಬೇಕು, ಭಾವನ ನೆರೆತ ಕೂದಲು ನೋಡಿಯೂ ಗುರುತಿನ ಚೀಟಿ ಕೇಳಿದರು! ಡ್ರೈವ್ ಮಾಡುವವರು ಒಬ್ಬರು ಕುಡಿಯುವುದನ್ನು ಪೂರ್ತಿ ಬಿಡಬೇಕು. ನಮ್ಮಲ್ಲಿ ಅದು ನನ್ನ ಹೆಂಡತಿ. ಅವಳಿಗೆ ಕುಡಿಯುವುದರಲ್ಲಿ ಆಸಕ್ತಿ ಇಲ್ಲ, ಆದರೆ ಟೂರ್ ಅವಳಿಗೇ ಜಾಸ್ತಿ ಹಿಡಿಸಿತು. ಮೆಕ್ಕೆಜೋಳದ ಹಿಟ್ಟು ಹುಳಿ ಬರುವ ತೊಟ್ಟಿಗಳ ಹತ್ತಿರ ಹೋದಾಗ "ನಿನ್ನೆ ರುಬ್ಬಿಟ್ಟ ದೋಸೆ ಹಿಟ್ಟು" ಅಂದಳು. ನಿಜ, ಅದೇ ವಾಸನೆ.

ಲೊರೆಟ್ಟೊದ ಮೇಕರ್ಸ್ ಮಾರ್ಕ್ ಡಿಸ್ಟಿಲರಿಯಲ್ಲಿ ನಾವು ಕೊಂಡ ಬಾಟಲಿಯ ಕತ್ತನ್ನು ನಾವೇ ಕೆಂಪು ಅರಗಿನಲ್ಲಿ ಅದ್ದಬಹುದು. ಮಕ್ಕಳಾಟ ಅನಿಸಿದರೂ ಮಾಡಿ. ಬರೀ ಬಾಟಲಿ ಬೇಕಿದ್ದರೆ ಊರಿನ ಲಿಕ್ಕರ್ ಅಂಗಡಿಯಲ್ಲೇ ತಗೊಳ್ಳಿ, ಡಿಸ್ಟಿಲರಿಯಲ್ಲಿ ಕಡಿಮೆಗೆ ಸಿಗುತ್ತದೆ ಅನ್ನುವುದು ಸುಮ್ನೆ ಭ್ರಮೆ. ಹೊರಗೆ ಸಿಗದ ಬಾಟಲಿಗೆ ಮಾತ್ರ ಅಲ್ಲಿ ದುಡ್ಡು ಹಾಕಿ. ಒಬ್ಬರು ದಿನಕ್ಕೆ ಎಷ್ಟು ಕೊಳ್ಳಬಹುದು ಅನ್ನುವುದಕ್ಕೂ ಮಿತಿ ಇದೆ, ಕೌಂಟರ್‌ನಲ್ಲಿ ಕೇಳಿ.

ಮೂರನೇ ದಿನ ಟೆನೆಸಿ. ಲಿಂಚ್‌ಬರ್ಗ್‌ನ ಜ್ಯಾಕ್ ಡೇನಿಯಲ್ಸ್ ಡಿಸ್ಟಿಲರಿ ಇರುವುದು ಮೂರ್ ಕೌಂಟಿಯಲ್ಲಿ (ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ). ಅದು ಡ್ರೈ ಕೌಂಟಿ, ಅಂದರೆ ಮದ್ಯ ಮಾರಾಟಕ್ಕೆ ನಿರ್ಬಂಧ ಇರುವ ಕೌಂಟಿ, ಅಂತಲೇ ಹೆಸರುವಾಸಿ! ಲೋಕಕ್ಕೆಲ್ಲ ವಿಸ್ಕಿ ಕಳಿಸುವ ಊರಲ್ಲಿ ನಾವು ಮಧ್ಯಾಹ್ನದ ಊಟಕ್ಕೆ ಐಸ್ ಟೀ ಕುಡಿದೆವು. ಹಾಗಾದರೆ ಡಿಸ್ಟಿಲರಿಯ ಅಂಗಡಿಯಲ್ಲಿ ಬಾಟಲಿ ಹೇಗೆ ಮಾರುತ್ತಾರೆ? 1990ರ ದಶಕದಲ್ಲಿ ಅವರಿಗೆ ಸ್ಮರಣಿಕೆ ಬಾಟಲಿ ಮಾರಲು ಅನುಮತಿ ಸಿಕ್ಕಿತು. ನೀವು ಕೊಳ್ಳುವುದು ಗಾಜು, ಒಳಗಿರುವುದು ಪುಕ್ಕಟೆ ಅಂತ ಅಲ್ಲೊಂದು ತಮಾಷೆ ಇದೆ. ರುಚಿ ಬೇಕಿದ್ದರೆ ಟೇಸ್ಟಿಂಗ್ ಇರುವ ಟೂರನ್ನೇ ನೋಡಿ ಆರಿಸಿ, ಟೇಸ್ಟಿಂಗ್ ಇಲ್ಲದ್ದೂ ಇದೆ.

ಸಣ್ಣ ಡಿಸ್ಟಿಲರಿಗಳಿಗೂ ಒಂದು ದಿನ ಇಡಿ. 2009ರವರೆಗೆ ಟೆನೆಸಿಯಲ್ಲಿ ಮೂರೇ ಕೌಂಟಿಗಳಲ್ಲಿ ಭಟ್ಟಿ ಇಳಿಸಬಹುದಿತ್ತು. ಆ ವರ್ಷ ಇನ್ನೂ 41 ಕೌಂಟಿಗಳಿಗೆ ಬಾಗಿಲು ತೆರೆಯಿತು. ಈಗ ನ್ಯಾಶ್‌ವಿಲ್ ಊರೊಳಗೇ ಡಿಸ್ಟಿಲರಿಗಳಿವೆ. ದೊಡ್ಡ ಕಡೆ ಗೈಡ್ ಕಂಠಪಾಠ ಒಪ್ಪಿಸುತ್ತಾರೆ. ನಾವು ಹೋದ ಸಣ್ಣದೊಂದರಲ್ಲಿ ಭಟ್ಟಿ ನೋಡಿಕೊಳ್ಳುವವರೇ ಬಂದು ಸುರಿದರು. ಭಾವ ಅವರ ಹತ್ತಿರ ಗೋವಾದ ಗೋಡಂಬಿ ಫೆನಿ ಬಗ್ಗೆ ಅರ್ಧ ಗಂಟೆ ಮಾತಾಡಿದರು.

ವಾಪಸಾಗುವಾಗ ಎಡವಿದ್ದು ನಾನು. ನ್ಯಾಶ್‌ವಿಲ್ ಸೆಂಟ್ರಲ್ ಟೈಮ್, ಬಾರ್ಡ್ಸ್‌ಟೌನ್ ಈಸ್ಟರ್ನ್, ಅಲ್ಲಿ ಗಡಿಯಾರ ಒಂದು ಗಂಟೆ ಮುಂದೆ. ಉತ್ತರಕ್ಕೆ ಬರುತ್ತಾ ದಾರಿಯಲ್ಲೇ ಒಂದು ಗಂಟೆ ಮಾಯ. ಹನ್ನೊಂದರ ಟೂರ್‌ಗೆ ಹನ್ನೊಂದೂವರೆ ದಾಟಿ ಮುಟ್ಟಿದೆವು. ಬೇರೆ ಸ್ಲಾಟ್ ಇಲ್ಲ, ದುಡ್ಡೂ ವಾಪಸ್ ಇಲ್ಲ. ಭಾವ ಏನೂ ಅನ್ನಲಿಲ್ಲ, ಗಡಿಯಾರ ನೋಡಿದರು ಅಷ್ಟೆ.

ಬಾಟಲಿಗಳ ಸೀಲ್ ಒಡೆಯದೆ ಡಿಕ್ಕಿಯಲ್ಲಿಡಿ. ಅಮೆರಿಕದ ಅಂಚೆಯಲ್ಲಿ ಮದ್ಯ ಕಳಿಸುವಂತಿಲ್ಲ, ನೆಂಟರಿಗೆ ಪಾರ್ಸೆಲ್ ಮಾಡೋಣ ಅಂತ ಹೊರಡಬೇಡಿ. ವಿಮಾನದಲ್ಲಾದರೆ ಚೆಕ್-ಇನ್ ಬ್ಯಾಗಿನಲ್ಲಿ ಒಬ್ಬರಿಗೆ 5 ಲೀಟರ್, ಅದೂ ಸೀಲ್ ಒಡೆಯದ ಬಾಟಲಿಗಳು. ಶೇ. 70ಕ್ಕಿಂತ ಜಾಸ್ತಿ ಆಲ್ಕೋಹಾಲ್ ಇದ್ದರೆ ಬಿಡುವುದೇ ಇಲ್ಲ. ಲೇಬಲ್ಲಿನಲ್ಲಿ ಪ್ರೂಫ್ ಇದ್ದರೆ ಅದರ ಅರ್ಧ ತಗೊಳ್ಳಿ, 140 ಪ್ರೂಫ್ ಅಂದರೆ ಶೇ. 70. ಭಾರತಕ್ಕೆ ಸುಂಕ ಇಲ್ಲದೆ ತರಬಹುದಾದದ್ದು ಒಬ್ಬರಿಗೆ 2 ಲೀಟರ್. ಅಂದರೆ 750 ಎಂಎಲ್‌ನ ಎರಡು ಬಾಟಲಿ. ಭಾವ ಮೂರು ಕೊಂಡಿದ್ದರು. ಮೂರನೆಯದು ನಮ್ಮ ಮನೆಯಲ್ಲೇ ಇದೆ.